ವಿದ್ಯುತ್ತಿನ ತೂಬು ಯಾರ ಕೈಯಲ್ಲಿ?

2025ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸರಕಾರದ ಮಂತ್ರಿಮಂಡಲವು ಒಡಿಶಾ ರಾಜ್ಯದ ಭುವನೇಶ್ವರದಲ್ಲಿ ಸಿಲಿಕಾನ್ ಕಾರ್ಬೈಡಿನ ಸ್ವಿಚ್ಚುಗಳನ್ನು ತಯಾರಿಸುವ ಕಾರ್ಖಾನೆಯೊಂದಕ್ಕೆ ಒಪ್ಪಿಗೆಯನ್ನಿತ್ತಿತು. ವರ್ಷಕ್ಕೆ 60,000 ಬಿಲ್ಲೆಗಳನ್ನು ಸಿದ್ಧಪಡಿಸುವುದು ಅದರ ಉದ್ದೇಶವೆಂದು ಪ್ರಕಟವಾಗಿದೆ. ಈ ಬಿಲ್ಲೆಗಳಿಂದ ಕತ್ತರಿಸಿ ತೆಗೆಯುವ ಸ್ವಿಚ್ಚುಗಳು ವಿದ್ಯುದ್ವಾಹನಗಳಲ್ಲಿಯೂ ಸೌರವಿದ್ಯುತ್ ಕೇಂದ್ರಗಳಲ್ಲಿಯೂ ರೈಲು ಎಂಜಿನುಗಳಲ್ಲಿಯೂ ವಿದ್ಯುತ್ತಿನ ರೂಪವನ್ನು ಬದಲಾಯಿಸುವ ಯಂತ್ರಗಳಿಗೆ ಬೇಕಾದಂಥವು. ಸುದ್ದಿಯನ್ನೋದಿ ನಾವು ಸಂತೋಷಪಟ್ಟೆವು. ಸಂತೋಷಪಡದಿರಲು ಕಾರಣವೂ ಇಲ್ಲ. ಆದರೆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಸ್ವಿಚ್ಚು ನಮ್ಮದಾದ ಮಾತ್ರಕ್ಕೆ ಯಂತ್ರವು ನಮ್ಮದಾಗುವುದೇ? ನೇಗಿಲಿನ ಗುಳವನ್ನು ಊರ ಕಮ್ಮಾರನೇ ಬಡಿದುಕೊಟ್ಟರೂ, ನೇಗಿಲನ್ನು ಹೂಡಬಲ್ಲ ಬಡಗಿ ಪರಊರಿನವನಾದರೆ ಬೇಸಾಯಗಾರನ ಪರಾಧೀನತೆ ತಪ್ಪಿದಂತಾಗಲಿಲ್ಲ. ಸ್ವಿಚ್ಚನ್ನು ಕೂಡಿಸುವ, ಅದನ್ನು ಯಾವ ಗಳಿಗೆಯಲ್ಲಿ ತೆರೆಯಬೇಕು ಯಾವ ಗಳಿಗೆಯಲ್ಲಿ ಮುಚ್ಚಬೇಕು ಎಂಬುದನ್ನು ನಿರ್ಣಯಿಸುವ ವಿದ್ಯೆಯು ಯಾರದು ಎಂಬುದೇ ಇಂದಿನ ವಿಚಾರ.

ಈ ಯಂತ್ರಗಳಿಗೆ ಕನ್ವರ್ಟರ್ ಎಂದು ಹೆಸರು. ಪರಿವರ್ತಕವೆಂದು ಕನ್ನಡಿಸಬಹುದಾಗಿತ್ತು; ಆದರೆ ಆ ಶಬ್ದವನ್ನು ನಮ್ಮ ವಿದ್ಯುತ್ ಇಲಾಖೆಯವರು ಕಂಬದ ಮೇಲೆ ಗುಂಯ್‌ಗುಡುತ್ತಿರುವ ಟ್ರಾನ್ಸ್‌ಫಾರ್ಮರಿಗೆ ಆಗಲೇ ಧಾರೆಯೆರೆದು ಕೊಟ್ಟಿರುವರು. ರೈತರು ಅದನ್ನು ಟಿ.ಸಿ. ಎಂದೇ ಕರೆಯುವರು, ಪರಿವರ್ತಕವೆಂಬುದು ಇಲಾಖೆಯ ಕಾಗದದಲ್ಲಿ ಮಾತ್ರ ಉಳಿದಿದೆ, ಅದು ಬೇರೆಯ ಮಾತು. ಗೊಂದಲ ಬೇಡವೆಂದು ನಾವು ಇಲ್ಲಿ ಕನ್ವರ್ಟರ್ ಎಂತಲೇ ಬರೆಯುವೆವು. ಸೌರಫಲಕವು ಕೊಡುವುದು ನೇರ ಪ್ರವಾಹ, ಎಂದರೆ ಡಿ.ಸಿ.; ಊರಿನ ತಂತಿಯಲ್ಲಿ ಹರಿಯುವುದು ಪರ್ಯಾಯ ಪ್ರವಾಹ, ಎಂದರೆ ಎ.ಸಿ. ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಇನ್ವರ್ಟರು ಒಂದು ಬಗೆಯ ಕನ್ವರ್ಟರು. ಮೊಬೈಲಿನ ಚಾರ್ಜರು, ಎಲ್‌ಇಡಿ ದೀಪದ ಬುಡದಲ್ಲಿ ಅಡಗಿರುವ ಚಿಕ್ಕ ಹಲಗೆ, ಗಣಕಯಂತ್ರದ ವಿದ್ಯುತ್ ಪೆಟ್ಟಿಗೆ, ವಿದ್ಯುತ್ ಸ್ಕೂಟರಿನ ಮೋಟಾರನ್ನು ಓಡಿಸುವ ನಿಯಂತ್ರಕ, ಇವೆಲ್ಲವೂ ಅದೇ ಕುಲದವು. ಈ ಯಂತ್ರವು ಇಂದು ಕಾಲಿಡದ ಮನೆಯೇ ಇಲ್ಲವೆಂದರೆ ಅತಿಶಯೋಕ್ತಿಯಾಗದು.

ಅದರ ಕೆಲಸವನ್ನು ತಿಳಿಯಲು ಹಳೆಯ ಫ್ಯಾನಿನ ರೆಗ್ಯುಲೇಟರನ್ನು ನೆನೆದರೆ ಸಾಕು. ಕೆಲವು ದಶಕಗಳ ಹಿಂದೆ ನಮ್ಮ ಮನೆಗಳ ಗೋಡೆಯ ಮೇಲೆ ದಪ್ಪನೆಯ ಪೆಟ್ಟಿಗೆಯೊಂದು ಇರುತ್ತಿದ್ದಿತು. ಫ್ಯಾನು ಮೆಲ್ಲಗೆ ತಿರುಗುವಾಗ ಆ ಪೆಟ್ಟಿಗೆಯು ಮುಟ್ಟಿದರೆ ಚುರ್ರೆನ್ನುವಷ್ಟು ಬಿಸಿಯಾಗುತ್ತಿತ್ತು. ಫ್ಯಾನಿಗೆ ಬೇಡವಾದ ವಿದ್ಯುತ್ತನ್ನು ಸುಟ್ಟು ಕಳೆಯುವುದೇ ಅದರ ವಿಧಾನ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಐದು ವೋಲ್ಟನ್ನು ಈ ಕ್ರಮದಲ್ಲಿ ಪಡೆದರೆ, ಒಳಗೆ ಹೋದ ಪ್ರತಿ ಹನ್ನೆರಡು ಪಾಲಿನಲ್ಲಿ ಏಳು ಪಾಲು ಶಾಖವಾಗಿ ಹಾಳಾಗುವುದು. ಸ್ವಿಚ್ಚಿಂಗ್ ರೆಗ್ಯುಲೇಟರಿನ ವಿಧಾನವೇ ಬೇರೆ. ಅದು ನಮ್ಮ ಕೆರೆಗಳ ನೀರುಗಂಟಿಯ ವಿಧಾನ. ಕಾಲುವೆಗೆ ಎಷ್ಟು ನೀರು ಬೇಕೋ ಅಷ್ಟು ಹೊತ್ತು ಮಾತ್ರ ತೂಬನ್ನೆತ್ತಿ, ಉಳಿದ ಹೊತ್ತು ಮುಚ್ಚಿಬಿಡುವುದು. ಸ್ವಿಚ್ಚು ಒಟ್ಟು ಕಾಲದ ಹನ್ನೆರಡರಲ್ಲಿ ಐದು ಪಾಲು ತೆರೆದಿದ್ದರೆ ಸರಾಸರಿಯಲ್ಲಿ ಐದು ವೋಲ್ಟು ದೊರೆಯುವುದು. ಹೀಗೆ ತೆರೆದು ಮುಚ್ಚುವುದು ದಿನಕ್ಕೆ ಎರಡು ಸಲವಲ್ಲ, ಸೆಕೆಂಡಿಗೆ ಲಕ್ಷ ಸಲ. ಕೆಲವು ಯಂತ್ರಗಳಲ್ಲಿ ಹತ್ತು ಲಕ್ಷ ಸಲ. ತುಂಡುತುಂಡಾಗಿ ಬರುವ ಈ ವಿದ್ಯುತ್ತನ್ನು ತಾಮ್ರದ ಸುರುಳಿಯೊಂದೂ ಕೆಪ್ಯಾಸಿಟರೊಂದೂ ತೊಟ್ಟಿಯಂತೆ ಹಿಡಿದಿಟ್ಟು ಒಂದೇ ಸಮನಾಗಿ ಹರಿಸುವುವು. ನಷ್ಟವು ಹತ್ತರಲ್ಲಿ ಒಂದು ಪಾಲಿಗೂ ಕೆಳಗಿಳಿಯುವುದು.

ಇಷ್ಟೇ ಆಗಿದ್ದರೆ ಇದು ಜಾಣ ಮಿಸ್ತ್ರಿಯ ಕೆಲಸವಾಗುತ್ತಿತ್ತು. ನಾವು ಈ ಅಂಕಣದಲ್ಲಿ ಅದರ ಪ್ರಸ್ತಾಪವನ್ನೇ ಎತ್ತುತ್ತಿರಲಿಲ್ಲ. ತೊಡಕಿರುವುದು ಮುಂದೆ. ಕಡಮೆ ವೋಲ್ಟೇಜನ್ನು ಹೆಚ್ಚಿಸುವ ಕನ್ವರ್ಟರೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಸ್ವಿಚ್ಚು ಮೊದಲು ಸುರುಳಿಗೆ ಶಕ್ತಿಯನ್ನು ತುಂಬಿ, ಅನಂತರ ಆ ಶಕ್ತಿಯನ್ನು ಹೊರಕ್ಕೆ ಬಿಡುತ್ತದೆ. ತುಂಬುತ್ತಿರುವಷ್ಟು ಹೊತ್ತು ಹೊರದಾರಿಗೆ ಏನೂ ಹರಿಯುವುದಿಲ್ಲ. ಹೊರಗಿನ ವೋಲ್ಟೇಜು ಇಳಿಯಿತೆಂದು ತುಂಬುವ ಕಾಲವನ್ನು ಹೆಚ್ಚಿಸಿದರೆ, ಬಿಡುವ ಕಾಲವು ಕಡಮೆಯಾಗಿ, ವೋಲ್ಟೇಜು ಮೊದಲು ಇನ್ನಷ್ಟು ಇಳಿದು ಆಮೇಲೆ ಏರುತ್ತದೆ! ಮೇಲಕ್ಕೆ ಹೋಗಬೇಕಾದರೆ ಮೊದಲು ಕೆಳಕ್ಕೆ ಹೋಗುವ ಈ ವಕ್ರಗತಿಯನ್ನರಿಯದ ಆತುರದ ನಿಯಂತ್ರಕವು, ಇಳಿತವನ್ನು ಕಂಡು ಗಾಬರಿಗೊಂಡು ಇನ್ನೂ ಹೆಚ್ಚು ತುಂಬಲು ಹೊರಡುತ್ತದೆ. ವೋಲ್ಟೇಜು ತೊಟ್ಟಿಲಿನಂತೆ ತೂಗಲಾರಂಭಿಸುತ್ತದೆ. ಕೊನೆಗೆ ಸ್ವಿಚ್ಚು ಸಿಡಿಯುವುದೂ ಉಂಟು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಸಾಧಾರಣವಾದ ಬಲ್ಬಿಗೆ ವೋಲ್ಟೇಜು ಕಡಮೆಯಾದರೆ ಅದು ಎಳೆಯುವ ಕರೆಂಟೂ ಕಡಮೆಯಾಗುತ್ತದೆ. ರೆಗ್ಯುಲೇಟರಾದರೋ ಹೊರಗಡೆಗೆ ಕೊಡುವ ಶಕ್ತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಬಾರದೆಂದು ಹಟ ಹಿಡಿದ ಯಂತ್ರ. ಒಳಬರುವ ವೋಲ್ಟೇಜು ಇಳಿದಷ್ಟೂ ಅದು ಹೆಚ್ಚು ಕರೆಂಟನ್ನೆಳೆಯುತ್ತದೆ. ಬರಗಾಲದಲ್ಲಿ ಹೆಚ್ಚು ಉಣ್ಣುವ ನೆಂಟನಂತೆ! ಇದರ ಮುಂದೆ ಗದ್ದಲವನ್ನು ಸೋಸುವ ಫಿಲ್ಟರೊಂದನ್ನು ಜೋಡಿಸಿದರೆ, ಬೇರೆಬೇರೆಯಾಗಿ ಪರೀಕ್ಷಿಸಿದಾಗ ನಿರ್ದುಷ್ಟವಾಗಿದ್ದ ಎರಡು ಭಾಗಗಳೂ ಕೂಡಿದೊಡನೆಯೇ ಜಗಳವಾಡಬಹುದು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕ ಮಿಡಲ್‌ಬ್ರುಕ್ ಎಂಬವರು ಈ ಜಗಳವು ಯಾವಾಗ ಹುಟ್ಟುತ್ತದೆ, ಯಾವಾಗ ಹುಟ್ಟುವುದಿಲ್ಲ ಎಂಬುದಕ್ಕೆ ಗಣಿತದ ನಿಬಂಧನೆಯನ್ನು ತೋರಿಸಿಕೊಟ್ಟರು. ಅದೇ ವರ್ಷ ಅವರೂ ಯುಗೋಸ್ಲಾವಿಯದಿಂದ ಬಂದಿದ್ದ ಸ್ಲೋಬೋಡಾನ್ ಚೂಕ್ ಎಂಬವರೂ ಸೇರಿ, ಸ್ವಿಚ್ಚು ತೆರೆದಾಗಿನ ಮಂಡಲವನ್ನೂ ಮುಚ್ಚಿದಾಗಿನ ಮಂಡಲವನ್ನೂ ಅವುಗಳ ಕಾಲಕ್ಕೆ ತಕ್ಕಂತೆ ಸರಾಸರಿ ಮಾಡಿ, ಇಡೀ ಯಂತ್ರಕ್ಕೆ ಒಂದೇ ಗಣಿತ ಪ್ರತಿರೂಪವನ್ನು ಬರೆಯುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಬಹುಮಟ್ಟಿಗೆ ಕೈಚಳಕವಾಗಿದ್ದುದು ಅಂದಿನಿಂದ ಶಾಸ್ತ್ರವಾಯಿತು. ಯಂತ್ರವನ್ನು ಕಟ್ಟುವ ಮುನ್ನವೇ ಅದು ಹೇಗೆ ನಡೆದುಕೊಳ್ಳುವುದೆಂದು ಕಾಗದದ ಮೇಲೆ ಹೇಳುವುದು ಸಾಧ್ಯವಾಯಿತು.

ಈ ವಿವರಗಳನ್ನು ಇಷ್ಟು ದೂರ ಬೆಳೆಸಿದ್ದಕ್ಕೆ ವಾಚಕರು ಕ್ಷಮಿಸಬೇಕು. ನಮ್ಮ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ಕನ್ವರ್ಟರನ್ನು ನಕಲು ಮಾಡಿ ಕಲಿಯುವುದು ಆಗದ ಮಾತು. ಪರದೇಶದ ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಬಿಡಿಭಾಗಗಳ ಪಟ್ಟಿಯನ್ನು ಬರೆದುಕೊಳ್ಳಬಹುದು. ಅವೇ ಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು ತಂದು ಬೆಸೆಯಲೂಬಹುದು. ಆದರೆ ಸುರುಳಿಯ ನಡುವಣ ಫೆರೈಟಿನ ಗುಣವೇನು, ಅದರಲ್ಲಿ ಬಿಟ್ಟಿರುವ ಕೂದಲೆಳೆಯಷ್ಟು ಸಂದು ಏತಕ್ಕೆ, ನಿಯಂತ್ರಣದ ಚಿಪ್ಪಿನಲ್ಲಿ ಬೀಗ ಹಾಕಿ ಇಟ್ಟಿರುವ ಕ್ರಮವಿಧಿಯೇನು ಎಂಬಿವುಗಳನ್ನು ಕಣ್ಣಿನಿಂದ ನೋಡಿ ತಿಳಿಯುವಂತಿಲ್ಲ. ನಕಲಿನ ಯಂತ್ರವು ಮೇಜಿನ ಮೇಲೆ ಓಡುತ್ತದೆ. ಹೊಲದ ಬಿಸಿಲಿನಲ್ಲಿ, ಏರಿಳಿಯುವ ವೋಲ್ಟೇಜಿನಲ್ಲಿ, ಎರಡನೆಯ ಬೇಸಗೆಯಲ್ಲಿ ಸುಟ್ಟುಹೋಗುತ್ತದೆ. ಆಗ ಸ್ವದೇಶಿ ಪದಾರ್ಥವೇ ಕೀಳೆಂಬ ಅಪಖ್ಯಾತಿ ಬೇರೆ. ಪದಾರ್ಥದ ದೋಷವಲ್ಲ ಅದು, ಗಣಿತ ಪ್ರತಿರೂಪವಿಲ್ಲದೆ ಕಟ್ಟಿದ್ದರ ದೋಷ.

ವಿದ್ಯುತ್ತಿನ ಚರಿತ್ರೆಯಲ್ಲಿ ಕೋಲಾರದ ಹೆಸರು ಎರಡು ಸಲ ಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿಗಳ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಹರಿದು ಬಂದಿತು. ಆ ಸಾಹಸಕ್ಕೆ ಮುಂದಾದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ತಮ್ಮ ದೀಪವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ವಿದ್ಯುದ್ಯಂತ್ರಗಳನ್ನು ಕಳುಹಿಸಿದ್ದು ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿ. ಅದಾದ ನೂರೊಂದು ವರ್ಷಕ್ಕೆ, 2003ರಲ್ಲಿ, ಒಡಿಶಾದ ತಾಲ್ಚೇರಿನಿಂದ ಸುಮಾರು 1450 ಕಿಲೋಮೀಟರುಗಳ ದಾರಿಯನ್ನು 500 ಕಿಲೋವೋಲ್ಟಿನ ನೇರ ಪ್ರವಾಹವಾಗಿ ಕ್ರಮಿಸಿ, 2000 ಮೆಗಾವಾಟ್ ವಿದ್ಯುತ್ತನ್ನು ತರಬಲ್ಲ ಮಾರ್ಗವು ಕೋಲಾರವನ್ನು ಮುಟ್ಟಿತು. ಅಲ್ಲಿ ಆ ನೇರ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿಸಿ ದಕ್ಷಿಣದ ರಾಜ್ಯಗಳಿಗೆ ಹಂಚುವ ಕನ್ವರ್ಟರ್ ನಿಲ್ದಾಣವನ್ನು ನಿರ್ಮಿಸಿದವರು ಜರ್ಮನಿಯ ಸೀಮೆನ್ಸ್ ಸಂಸ್ಥೆಯವರು. ಸಂಸ್ಥಾನವಾಗಿದ್ದಾಗ ಹೊರಗಿನವರ ಯಂತ್ರವನ್ನು ಕೊಂಡದ್ದು ಸಹಜ. ಶತಮಾನವೊಂದು ಕಳೆದು, ಸ್ವರಾಜ್ಯ ಬಂದು ಐವತ್ತಾರು ವರ್ಷ ಸಂದ ಬಳಿಕವೂ ಅದೇ ಕಥೆಯಾದರೆ, ನಡುವಣ ವರ್ಷಗಳಲ್ಲಿ ನಾವು ಮಾಡಿದ್ದೇನು ಎಂದು ಕೇಳಬೇಕಾಗುತ್ತದೆ. ಮೈಸೂರು ರಸ್ತೆಯ ಭಾರತ್ ಹೆವಿ ಇಲೆಕ್ಟ್ರಿಕಲ್ಸ್ ಕಾರ್ಖಾನೆಯವರು ಥೈರಿಸ್ಟರುಗಳನ್ನೂ ಅಂಥ ನಿಲ್ದಾಣಗಳ ವಾಲ್ವುಗಳನ್ನೂ ತಯಾರಿಸಿರುವರೆಂಬುದನ್ನು ನಾವು ಮರೆತಿಲ್ಲ. ಮರೆತಿಲ್ಲವಾದ್ದರಿಂದಲೇ ಕೊರಗು ಹೆಚ್ಚು.

ಜನರಲ್ ಇಲೆಕ್ಟ್ರಿಕ್ ಕಂಪನಿಯ ಹೆಸರು ಇನ್ನೊಂದು ಕಾರಣದಿಂದಲೂ ಕನ್ನಡಿಗರಿಗೆ ನೆನಪಾಗಬೇಕು. ಬಂಟ್ವಾಳ ಜಯಂತ ಬಾಳಿಗಾ ಎಂಬವರು ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನ ಸಮೀಪದ ಜಾಲಹಳ್ಳಿಯಲ್ಲಿ ಬೆಳೆದು, ಮದರಾಸಿನ ಐ.ಐ.ಟಿ.ಯಲ್ಲಿ 1969ರಲ್ಲಿ ಪದವಿ ಪಡೆದು, ಅಮೆರಿಕಕ್ಕೆ ತೆರಳಿ, 1974ರಲ್ಲಿ ಅದೇ ಕಂಪನಿಯ ಸಂಶೋಧನಾಲಯವನ್ನು ಸೇರಿದರು. 1980ರ ದಶಕದ ಆರಂಭದಲ್ಲಿ ಅವರು ಅಲ್ಲಿ ರೂಪಿಸಿದ ಐಜಿಬಿಟಿ ಎಂಬ ಸ್ವಿಚ್ಚೇ ಇಂದು ಜಗತ್ತಿನ ವಿದ್ಯುದ್ರೈಲುಗಳನ್ನೂ ಸೌರ ಇನ್ವರ್ಟರುಗಳನ್ನೂ ಗಾಳಿಯಂತ್ರಗಳನ್ನೂ ನಡೆಸುತ್ತಿರುವುದು. ಆ ಸ್ವಿಚ್ಚಿನ ಜನ್ಮದಲ್ಲಿ ಅಮೆರಿಕದ ಮತ್ತು ಜಪಾನಿನ ಇತರ ತಜ್ಞರ ಪಾಲೂ ಉಂಟು. ಆದರೆ ಅದನ್ನು ಬಳಕೆಗೆ ತಂದವರಲ್ಲಿ ಡಾ|| ಬಾಳಿಗಾ ಅವರ ಸ್ಥಾನ ನಿರ್ವಿವಾದವಾದುದು. 2024ರಲ್ಲಿ ಫಿನ್‌ಲೆಂಡ್ ದೇಶದವರು ಅವರಿಗೆ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿಯನ್ನಿತ್ತು ಗೌರವಿಸಿದರು. 1902ರಲ್ಲಿ ಅಮೆರಿಕದ ಯಂತ್ರವು ಮೈಸೂರಿಗೆ ಬಂದಿತು. ಎಪ್ಪತ್ತೆರಡು ವರ್ಷಗಳ ಮೇಲೆ ಜಾಲಹಳ್ಳಿಯ ಬುದ್ಧಿಯು ಆ ಯಂತ್ರವನ್ನು ಕಳುಹಿಸಿದ ಕಂಪನಿಯನ್ನೇ ಸೇರಿತು. ಆ ಬುದ್ಧಿಯಿಂದ ಹುಟ್ಟಿದ ಸ್ವಿಚ್ಚನ್ನು ನಾವು ಇಂದು ಜರ್ಮನಿಯಿಂದಲೂ ಜಪಾನಿನಿಂದಲೂ ಚೀನಾದಿಂದಲೂ ಹಣ ತೆತ್ತು ತರಿಸಿಕೊಳ್ಳುತ್ತಿರುವೆವು. ಹೋದವರನ್ನು ದೂರುವುದು ನಮ್ಮ ಇಂಗಿತವಲ್ಲ. ಕೆಲಸವಿರುವಲ್ಲಿಗೆ ಕೆಲಸಗಾರ ಹೋಗುವನು.

ಇರಲಿ. ಕೊಂಡು ತಂದರೇನು, ಕೆಲಸ ನಡೆದರೆ ಸಾಲದೆ ಎಂದು ಕೇಳುವವರುಂಟು. ಅಂಥವರಿಗೆ ಎರಡು ಪ್ರಸಂಗಗಳನ್ನು ನೆನಪಿಗೆ ತರುವೆವು. ಎರಡೂ ನಡೆದದ್ದು ಶ್ರೀಮಂತ ದೇಶಗಳಲ್ಲಿ.

2016ರ ಆಗಸ್ಟ್ 16ರಂದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಹೊಗೆಯಿಂದ ದೊಡ್ಡ ತಂತಿಮಾರ್ಗವೊಂದರಲ್ಲಿ ಕ್ಷಣಕಾಲದ ದೋಷಗಳುಂಟಾದುವು. ಅಂಥ ದೋಷಗಳು ಹೊಸವೇನೂ ಅಲ್ಲ. ಆದರೆ ಅಂದು ಸುಮಾರು 1200 ಮೆಗಾವಾಟ್ ಸೌರವಿದ್ಯುತ್ತು ಥಟ್ಟನೆ ಕಳಚಿಕೊಂಡಿತು. ವಿಚಾರಣೆಯಿಂದ ತಿಳಿದುಬಂದದ್ದೇನೆಂದರೆ, ಆವರ್ತ ಸಂಖ್ಯೆಯು ಬಹುಮಟ್ಟಿಗೆ ಸರಿಯಾಗಿಯೇ ಇದ್ದಿತು. ದೋಷದ ಕ್ಷಣದಲ್ಲಿ ಸೊಟ್ಟಗಾದ ಅಲೆಯನ್ನು ಅಳೆದ ಅನೇಕ ಇನ್ವರ್ಟರುಗಳು, ಆವರ್ತವು ಅಪಾಯದ ಮಟ್ಟಕ್ಕೆ ಕುಸಿದಿದೆಯೆಂದು ತಪ್ಪಾಗಿ ತಿಳಿದು ತಾವಾಗಿಯೇ ನಿಂತುಬಿಟ್ಟುವು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕ್ರಮವಿಧಿಯಲ್ಲಿದ್ದ ಒಂದು ಆತುರದ ನಿರ್ಣಯ, ಒಂದೇ ರೀತಿಯಲ್ಲಿ ಯೋಚಿಸುವ ನೂರಾರು ಪೆಟ್ಟಿಗೆಗಳು, ಅಷ್ಟೇ ಸಾಕಾಯಿತು.

ಎರಡನೆಯದು ಇಂಗ್ಲೆಂಡಿನದು. 2019ರ ಆಗಸ್ಟ್ 9ರಂದು ಸಿಡಿಲು ಬಡಿದ ಬೆನ್ನಿಗೆ, ಹಾರ್ನ್‌ಸೀ ಎಂಬ ಕಡಲ ಗಾಳಿವಿದ್ಯುತ್ ಕೇಂದ್ರದ ನಿಯಂತ್ರಕಗಳು ತೂಗಾಟಕ್ಕೆ ಸಿಕ್ಕಿ 737 ಮೆಗಾವಾಟ್ ಕಳಚಿತು. ಅನಿಲದ ಕೇಂದ್ರವೊಂದೂ ಜೊತೆಗೂಡಿತು. ಹತ್ತು ಲಕ್ಷಕ್ಕೂ ಮೇಲ್ಪಟ್ಟ ಗ್ರಾಹಕರಿಗೆ ಕತ್ತಲಾಯಿತು. ವಿದ್ಯುತ್ತು ಒಂದು ಗಂಟೆಯೊಳಗಾಗಿ ಮರಳಿತು. ರೈಲುಗಳು ಮಾತ್ರ ಮರಳಲಿಲ್ಲ! ಆವರ್ತವು 49ಕ್ಕಿಂತ ಕೆಳಗಿಳಿದಾಗ ಲಂಡನ್ ಸುತ್ತಲಿನ ಹೊಸ ಮಾದರಿಯ ರೈಲುಗಳ ಕನ್ವರ್ಟರುಗಳು ತಮಗೆ ತಾವೇ ಬೀಗ ಹಾಕಿಕೊಂಡುವು. ಕೆಲವನ್ನು ಚಾಲಕರು ಮತ್ತೆ ಎಬ್ಬಿಸಿದರು. ಇಪ್ಪತ್ತಕ್ಕೂ ಹೆಚ್ಚು ರೈಲುಗಳನ್ನು ಎಬ್ಬಿಸಲು ತಂತ್ರಜ್ಞನು ಗಣಕವನ್ನು ಹಿಡಿದು ರೈಲಿನ ಬಳಿಗೇ ಬರಬೇಕಾಯಿತು. ಪ್ರಯಾಣಿಕರು ಗಂಟೆಗಟ್ಟಲೆ ದಾರಿಯಲ್ಲಿಯೇ ಸಿಕ್ಕಿಬಿದ್ದರು. ಹಳಿ ಅವರದು, ರೈಲು ಅವರದು, ವಿದ್ಯುತ್ತೂ ಬಂದಿದೆ. ಆದರೆ ಕನ್ವರ್ಟರಿನ ಬೀಗದಕೈ ಬೇರೆಯವರ ಜೇಬಿನಲ್ಲಿ.

ನಮ್ಮ ದೇಶವು ಈಗ ಅದೇ ದಾರಿಯಲ್ಲಿ ಬಿರುಸಿನಿಂದ ನಡೆಯುತ್ತಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಗಳಲ್ಲಿ 2050 ಮೆಗಾವಾಟಿನ ಸೌರಕೇಂದ್ರವು 2019ರ ಕೊನೆಗೆ ಪೂರ್ಣಗೊಂಡಿತು. ರಾಜಸ್ಥಾನದ ಮರುಭೂಮಿಯಲ್ಲಿ ಇನ್ನೂ ದೊಡ್ಡ ಕೇಂದ್ರಗಳಿವೆ. ಅಲ್ಲಿಯೂ 2022ರಿಂದೀಚೆಗೆ ತಂತಿಮಾರ್ಗದ ಸಣ್ಣ ಏರುಪೇರಿಗೆ ಒಂದೊಂದು ಸಲಕ್ಕೆ ಸಾವಿರ ಮೆಗಾವಾಟಿಗೂ ಮಿಕ್ಕಿದ ಸೌರವಿದ್ಯುತ್ತು ಕಳಚಿಕೊಂಡ ಘಟನೆಗಳು ಹಲವು ನಡೆದಿವೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು ಅವುಗಳ ಪರಿಶೀಲನೆಯನ್ನೂ ನಡೆಸಿದೆ. ಹಿಂದಿನ ಜಲವಿದ್ಯುತ್ ಕೇಂದ್ರಗಳಲ್ಲಿಯೂ ಕಲ್ಲಿದ್ದಲ ಕೇಂದ್ರಗಳಲ್ಲಿಯೂ ನೂರಾರು ಟನ್ ತೂಕದ ಚಕ್ರಗಳು ತಿರುಗುತ್ತಿರುತ್ತವೆ. ಕ್ಷಣಮಾತ್ರದ ಪೆಟ್ಟನ್ನು ಅವು ತಮ್ಮ ಭಾರದಿಂದಲೇ ತಾಳಿಕೊಳ್ಳುತ್ತವೆ. ಕನ್ವರ್ಟರಿಗೆ ಭಾರವಿಲ್ಲ, ಬುದ್ಧಿಯೊಂದೇ ಇರುವುದು. ಆ ಬುದ್ಧಿಯನ್ನು ಬರೆದವನು ಪೆಟ್ಟನ್ನು ಮುಂಗಂಡಿದ್ದರೆ ತಾಳುತ್ತದೆ, ಇಲ್ಲದಿದ್ದರೆ ಇಲ್ಲ. ಜಾಲಕ್ಕೆ ಸೇರುವ ಕೇಂದ್ರದವರು ತಮ್ಮ ಇನ್ವರ್ಟರುಗಳ ಗಣಿತ ಪ್ರತಿರೂಪಗಳನ್ನು ಒಪ್ಪಿಸಬೇಕೆಂಬ ನಿಯಮವು ನಮ್ಮಲ್ಲಿಯೂ ಇದೆ. ಅದು ಒಳ್ಳೆಯ ನಿಯಮ. ಆದರೆ ತಯಾರಕರು ಅದನ್ನು ಮೊಹರು ಹಾಕಿದ ಪೆಟ್ಟಿಗೆಯಾಗಿ ಕೊಡುವುದು ಜಗತ್ತಿನೆಲ್ಲೆಡೆಯ ಪದ್ಧತಿ. ಒಳಗೆ ಹಾಕಿದ್ದಕ್ಕೆ ಹೊರಗೇನು ಬರುವುದೆಂದು ನೋಡಬಹುದೇ ಹೊರತು ಒಳಗೇನಿದೆಯೆಂದು ನೋಡುವಂತಿಲ್ಲ. ಔಷಧದ ಸೀಸೆಯ ಮೇಲೆ ಒಳಗಿನ ದ್ರವ್ಯಗಳ ಹೆಸರನ್ನು ಬರೆಯಿಸುವ ಸರಕಾರವು, ಕೋಟ್ಯಂತರ ಮನೆಗಳ ದೀಪವನ್ನು ಹಿಡಿದಿರುವ ಯಂತ್ರದ ಬಗ್ಗೆ ಇಷ್ಟು ಸಂಕೋಚಪಡುವುದೇತಕ್ಕೆ?

2021ರ ಫೆಬ್ರವರಿಯ ಆಯವ್ಯಯದಲ್ಲಿ ಅರ್ಥಸಚಿವರು ಹೊರಗಿನ ಸೌರ ಇನ್ವರ್ಟರುಗಳ ಮೇಲಿನ ಸುಂಕವನ್ನು ನೂರಕ್ಕೆ 5ರಿಂದ 20ಕ್ಕೆ ಏರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಸುಂಕವು ಪೆಟ್ಟಿಗೆಯನ್ನು ತಡೆಯುತ್ತದೆ, ಪೆಟ್ಟಿಗೆಯೊಳಗಿನ ವಿದ್ಯೆಯನ್ನು ಹುಟ್ಟಿಸುವುದಿಲ್ಲ. ತಗಡನ್ನು ಇಲ್ಲಿ ಬಗ್ಗಿಸಿ, ಹಲಗೆಯನ್ನು ಇಲ್ಲಿ ತಿರುಪುಮೊಳೆಯಿಂದ ಬಿಗಿದು, ಸ್ವಿಚ್ಚನ್ನೂ ಕ್ರಮವಿಧಿಯನ್ನೂ ಹಡಗಿನಲ್ಲಿ ತರಿಸಿಕೊಂಡರೂ ಪದಾರ್ಥಕ್ಕೆ ಸ್ವದೇಶಿಯೆಂಬ ಚೀಟಿ ಅಂಟಿಸಬಹುದು. ಇದು ಹಿಂದೆ ಮ್ಯಾಂಚೆಸ್ಟರಿನ ನೂಲಿನಿಂದ ನೇಯ್ದ ಬಟ್ಟೆಯನ್ನು ಊರಿನ ಬಟ್ಟೆಯೆಂದು ಮಾರಿದ ಹಾಗೆ.

ಕೊಳ್ಳುವವನು ಮನಸ್ಸು ಮಾಡಿದರೆ ಬೇರೆ ದಾರಿಯೂ ಇದೆಯೆಂಬುದಕ್ಕೆ ರೈಲ್ವೆಯೇ ನಿದರ್ಶನ. 1990ರ ದಶಕದಲ್ಲಿ ರೈಲ್ವೆಯವರು ಯೂರೋಪಿನ ಎ.ಬಿ.ಬಿ. ಸಂಸ್ಥೆಯಿಂದ ಹೊಸ ವಿದ್ಯುತ್ ಎಂಜಿನುಗಳನ್ನು ಕೊಂಡಾಗ, ಎಂಜಿನನ್ನು ಮಾತ್ರ ಕೊಳ್ಳದೆ ಅದನ್ನು ಕಟ್ಟುವ ವಿದ್ಯೆಯನ್ನೂ ಕೇಳಿ ಪಡೆದರು. ದಶಕದ ಕೊನೆಗೆ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಿಂದ ಅಂಥ ಎಂಜಿನುಗಳು ಹೊರಬಂದುವು. ಮೊದಲಿನ ಹಳೆಯ ಬಗೆಯ ಸ್ವಿಚ್ಚುಗಳಿದ್ದೆಡೆಯಲ್ಲಿ ಮುಂದೆ ಐಜಿಬಿಟಿಗಳು ಬಂದುವು; ಆ ಮಾರ್ಪಾಟಿನ ವೇಳೆಗೆ ಕನ್ವರ್ಟರನ್ನು ಒದಗಿಸಬಲ್ಲ ಸಂಸ್ಥೆಗಳು ದೇಶದಲ್ಲಿಯೇ ಬೆಳೆದು ನಿಂತಿದ್ದುವು. 2019ರ ಫೆಬ್ರವರಿಯಲ್ಲಿ ದೆಹಲಿಯಿಂದ ಕಾಶಿಗೆ ಓಡಿದ ಮೊದಲನೆಯ ವಂದೇ ಭಾರತ್ ರೈಲಿನ ಮೋಟಾರುಗಳನ್ನು ನಡೆಸುವ ಕನ್ವರ್ಟರ್ ವ್ಯವಸ್ಥೆಯು ಹೈದರಾಬಾದಿನ ಮೇಧಾ ಸಂಸ್ಥೆಯದು. ಈ ಬೆಳೆವಣಿಗೆಗೆ ಇಪ್ಪತ್ತು ವರ್ಷ ಹಿಡಿಯಿತು. ಹಿಡಿಯಲಿ, ವಿದ್ಯೆಯು ಟೆಂಡರಿನ ಅವಧಿಯೊಳಗೆ ಮುಗಿಯುವಂಥದಲ್ಲ.

ಜನರಿಲ್ಲವೆಂದು ಹೇಳುವುದಕ್ಕೆ ಆಸ್ಪದವಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿಗೆ ಬಂದಂದಿನಿಂದ ಎಷ್ಟೋ ಪರದೇಶೀಯ ಸಂಸ್ಥೆಗಳು ತಮ್ಮ ಚಿಪ್ಪುಗಳ ವಿನ್ಯಾಸವನ್ನು ಇಲ್ಲಿಯೇ ಮಾಡಿಸಿಕೊಳ್ಳುತ್ತಿರುವುವು. ರೆಗ್ಯುಲೇಟರಿನ ಚಿಪ್ಪುಗಳೂ ಅವುಗಳಲ್ಲಿ ಸೇರಿವೆ. ಗಣಿತ ಪ್ರತಿರೂಪವನ್ನು ಬರೆಯುವ ಕೈ ಕನ್ನಡಿಗನದು, ತಮಿಳನದು, ತೆಲುಗನದು. ಹಕ್ಕುಪತ್ರ ಮಾತ್ರ ಬೇರೆ ದೇಶದ ಕಪಾಟಿನಲ್ಲಿ. ಭಾರತೀಯ ವಿಜ್ಞಾನ ಮಂದಿರದಲ್ಲಿ 1970ರ ದಶಕದಲ್ಲಿ ಸ್ವಿಸ್ ಜನರ ಸಹಾಯದಿಂದ ಇಲೆಕ್ಟ್ರಾನಿಕ್ಸ್ ವಿನ್ಯಾಸಕ್ಕಾಗಿಯೇ ಒಂದು ಕೇಂದ್ರವು ಸ್ಥಾಪಿತವಾಯಿತು. ಅದೇ ಮಂದಿರದ ಪ್ರಾಧ್ಯಾಪಕ ವಿ. ರಾಮನಾರಾಯಣನ್ ಅವರು ಸ್ವಿಚ್ಚಿಂಗ್ ವಿಧಾನದ ವಿದ್ಯುತ್ ಪರಿವರ್ತನೆಯನ್ನು ಕುರಿತು ಬರೆದ ಪಾಠಗಳು ಹಣದ ಹಂಗಿಲ್ಲದೆ ದೇಶದ ವಿದ್ಯಾರ್ಥಿಗಳ ಕೈಯಿಂದ ಕೈಗೆ ಹರಡಿವೆ. ಪ್ರಾಧ್ಯಾಪಕ ಎಲ್. ಉಮಾನಂದ ಅವರ ಉಪನ್ಯಾಸಗಳನ್ನು ಎನ್‌ಪಿಟಿಇಎಲ್ ಮೂಲಕ ಯಾರು ಬೇಕಾದರೂ ಕೇಳಬಹುದು. ಜ್ಞಾನವು ಬಾವಿಯಲ್ಲಿದೆ, ಹಗ್ಗವೂ ಕೊಡವೂ ಸಾಲದು. ನಮ್ಮ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಯು ಸಿದ್ಧವಾದ ಥೈರಿಸ್ಟರಿನ ಹಲಗೆಗೆ ತಂತಿ ಸಿಕ್ಕಿಸಿ, ಅಲೆಯ ಚಿತ್ರವನ್ನು ಪುಸ್ತಕಕ್ಕೆ ಇಳಿಸಿ, ಸಹಿ ಹಾಕಿಸಿಕೊಂಡು ಹೊರಬರುವನು. ತನ್ನ ಕೈಯಿಂದ ಒಂದು ಸುರುಳಿಯನ್ನು ಸುತ್ತಿ, ಅದು ಎಷ್ಟು ಕರೆಂಟಿಗೆ ತುಂಬಿ ತುಳುಕುವುದೆಂದು ಲೆಕ್ಕ ಹಾಕಿ, ಲೆಕ್ಕ ತಪ್ಪಿ, ಸ್ವಿಚ್ಚೊಂದನ್ನು ಸುಟ್ಟು, ಏಕೆ ಸುಟ್ಟಿತೆಂದು ಕಂಡುಕೊಳ್ಳುವ ಅವಕಾಶ ಅವನಿಗಿಲ್ಲ. ಸುಟ್ಟ ಸ್ವಿಚ್ಚಿನ ಬೆಲೆಯನ್ನು ವಿದ್ಯಾರ್ಥಿಯಿಂದ ವಸೂಲು ಮಾಡುವ ಕಾಲೇಜುಗಳಿರುವವರೆಗೆ ವಿನ್ಯಾಸಕಾರರು ಹುಟ್ಟುವುದು ಕಷ್ಟ.

ಜಗತ್ತೆಲ್ಲ ಒಂದೇ ಸಂತೆಯಾಗಿರುವಾಗ ಈ ಸ್ವದೇಶಿಯ ಮಾತೇತಕ್ಕೆಂದು ನಗುವವರೂ ಇರುವರು. ಐದಾರು ವರ್ಷಗಳ ಹಿಂದೆ ಈ ನಗೆಗೆ ಹೆಚ್ಚು ಬೆಲೆಯಿತ್ತು. 2023ರ ಆಗಸ್ಟಿನಿಂದ ಚೀನಾ ಸರಕಾರವು ಗ್ಯಾಲಿಯಂ ಲೋಹವನ್ನು ಅಪ್ಪಣೆಯಿಲ್ಲದೆ ಹೊರಕ್ಕೆ ಕಳುಹಿಸಕೂಡದೆಂದು ಕಟ್ಟುಮಾಡಿತು. ವೇಗದ ಚಾರ್ಜರುಗಳಲ್ಲಿ ಸೇರಿರುವ ಗ್ಯಾಲಿಯಂ ನೈಟ್ರೈಡ್ ಸ್ವಿಚ್ಚುಗಳಿಗೆ ಅದೇ ಮೂಲದ್ರವ್ಯ. 2025ರ ಏಪ್ರಿಲಿನಲ್ಲಿ ವಿರಳ ಲೋಹಗಳ ಅಯಸ್ಕಾಂತಗಳ ಮೇಲೂ ಅಂಥದೇ ನಿರ್ಬಂಧವು ಬಿದ್ದು, ನಮ್ಮ ವಿದ್ಯುದ್ವಾಹನಗಳ ತಯಾರಕರು ಪೇಚಿಗೆ ಸಿಕ್ಕಿಕೊಂಡರು. ಸಂತೆಯ ಬಾಗಿಲನ್ನು ಒಬ್ಬನೇ ಮುಚ್ಚಬಲ್ಲನಾದರೆ ಅದು ಸಂತೆಯಲ್ಲ. ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಬೆಳೆಯಬೇಕೆಂಬ ಹಟವೂ ನಮ್ಮದಲ್ಲ. ವಿನ್ಯಾಸವನ್ನು ಬಲ್ಲವನಿಗೆ ಒಬ್ಬನ ಸ್ವಿಚ್ಚು ದೊರೆಯದಿದ್ದರೆ ಮತ್ತೊಬ್ಬನ ಸ್ವಿಚ್ಚಿಗೆ ತಕ್ಕಂತೆ ಯಂತ್ರವನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವುಂಟು. ಪೆಟ್ಟಿಗೆಯನ್ನು ಮಾತ್ರ ಕೊಳ್ಳಬಲ್ಲವನಿಗೆ ಆ ಸ್ವಾತಂತ್ರ್ಯವಿಲ್ಲ. ಭುವನೇಶ್ವರದ ಕಾರ್ಖಾನೆಯಿಂದ ಸ್ವಿಚ್ಚುಗಳು ಹೊರಬರುವ ದಿನ ಅವುಗಳನ್ನು ಹೂಡಬಲ್ಲ ಕೈಗಳು ಇಲ್ಲಿ ಸಿದ್ಧವಾಗಿರದಿದ್ದರೆ, ಅವು ಹಡಗನ್ನೇರಿ ಹೊರದೇಶಕ್ಕೆ ಹೋಗಿ ಪೆಟ್ಟಿಗೆಯ ಹೊಟ್ಟೆಯಲ್ಲಿ ಕುಳಿತು ಮರಳಿ ಬರುವುವು.

ನಮ್ಮ ರಾಜ್ಯ ಸರಕಾರವು ಇದಕ್ಕಾಗಿ ದೆಹಲಿಯ ಕಡೆಗೆ ನೋಡುತ್ತ ಕೂಡಬೇಕಾಗಿಲ್ಲ. ಅದರ ಕೈಯಲ್ಲೇ ಒಂದು ಕೆಲಸವಿದೆ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಂತೆ ರೈತರ ಕೊಳವೆಬಾವಿಗಳಿಗೆ ಸಹಾಯಧನದೊಡನೆ ಸೌರ ಪಂಪುಗಳನ್ನು ಕೂಡಿಸಲಾಗುತ್ತಿದೆ. ಪಂಪಿನ ಪಕ್ಕದಲ್ಲಿ ಕಂಬಕ್ಕೆ ತೂಗುಹಾಕಿರುವ ನಿಯಂತ್ರಕದ ಪೆಟ್ಟಿಗೆಯೇ ಕನ್ವರ್ಟರು; ಮೋಡ ಬಂದಾಗ, ಬಿಸಿಲೇರಿದಾಗ, ಫಲಕದಿಂದ ಹಿಂಡಬಹುದಾದಷ್ಟು ಶಕ್ತಿಯನ್ನು ಹುಡುಕಿ ಹಿಂಡಿ ಮೋಟಾರಿಗೆ ಕೊಡುವುದು ಅದೇ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿಗೂ ಕೆಳಗಿನಿಂದ ನೀರೆತ್ತುವ ರೈತನಿಗೆ ಅದು ಒಂದು ವಾರ ಕೆಟ್ಟು ಕುಳಿತರೆ ಟೊಮ್ಯಾಟೋ ಬೆಳೆ ಹೋಯಿತೆಂದೇ ಲೆಕ್ಕ. ಫಲಕ ಕೆಡುವುದು ಅಪರೂಪ, ಮೋಟಾರು ಕೆಟ್ಟರೆ ಸುತ್ತಿಕೊಡುವವನು ಹೋಬಳಿಯಲ್ಲೇ ಇರುವನು. ನಿಯಂತ್ರಕವನ್ನು ಮಾತ್ರ ಮುಟ್ಟುವವರಿಲ್ಲ. ಹಲಗೆಯ ಮೇಲೆ ಅಂಟು ಸುರಿದು ಮುಚ್ಚಿದ್ದರೆ ಬಿಚ್ಚುವ ಮಾತೂ ಇಲ್ಲ. ಸಹಾಯಧನವು ಸಾರ್ವಜನಿಕರ ಹಣ. ಆ ಹಣದಿಂದ ಕೊಳ್ಳುವ ನಿಯಂತ್ರಕದ ಮಂಡಲಚಿತ್ರವನ್ನೂ ಗಣಿತ ಪ್ರತಿರೂಪವನ್ನೂ ದುರಸ್ತಿಯ ಕ್ರಮವನ್ನೂ ಸರಕಾರಕ್ಕೆ ಒಪ್ಪಿಸಿದವರಿಗೇ ಟೆಂಡರು ಎಂದು ಒಂದು ಸಾಲನ್ನು ಬರೆದರೆ ಸಾಕು. ಅವುಗಳನ್ನು ಜಿಲ್ಲೆಯ ಪಾಲಿಟೆಕ್ನಿಕ್ಕುಗಳಿಗೆ ಕನ್ನಡದ ವಿವರಣೆಯೊಡನೆ ಕಳುಹಿಸಲಿ. ಅಲ್ಲಿಯ ಹುಡುಗರು ಕೆಟ್ಟ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಬಿಚ್ಚಿ ಕಲಿಯಲಿ. ಒಪ್ಪದ ಮಾರಾಟಗಾರರು ಕೆಲವರು ಹಿಂದೆ ಸರಿಯುವರು, ಮೊದಲ ವರ್ಷ ಬೆಲೆಯೂ ತುಸು ಏರಬಹುದು; ಅದನ್ನು ನಾವು ಮುಚ್ಚಿಡುವುದಿಲ್ಲ. ಮುಂದಿನ ಪಂಪುಗಳ ಟೆಂಡರನ್ನು ಕರೆಯುವ ಮುನ್ನ ಇಂಧನ ಮಂತ್ರಿಗಳು ಈ ಒಂದು ಸಾಲಿನ ವಿಷಯದಲ್ಲಿ ತಮ್ಮ ಅಭಿಪ್ರಾಯವೇನೆಂಬುದನ್ನು ವಿಧಾನಸಭೆಯ ಮುಂದೆ ತಿಳಿಸಬೇಕೆಂದು ಕೇಳುವೆವು.